ಒಂದು ಪ್ರಾಂತ್ಯ, ಎರಡು ಕೇಂದ್ರ, ಮೂರು ಜನ್ಮ

ಇಟಲಿಯ ಸಾರ್ಡಿನಿಯಾ ದ್ವೀಪದ ಪೂರ್ವ ಕರಾವಳಿಯಲ್ಲಿ ಓಲ್ಯಾಸ್ತ್ರ ಎಂಬ ಸೀಮೆಯಿದೆ. ಅಲ್ಲಿನವರು ಈ ಹೆಸರು ಬರೆಯುವಾಗ ನಡುವೆ ಒಂದು ‘ಜಿ’ ಅಕ್ಷರ ಕೂರಿಸುತ್ತಾರೆ, ಓದುವಾಗ ನುಂಗಿಬಿಡುತ್ತಾರೆ. ಕಾಗದದಲ್ಲಿ ಉಂಟು, ಬಾಯಲ್ಲಿ ಇಲ್ಲ. ಇಲ್ಲೊಂದು ಪ್ರಾಂತ್ಯ ಹುಟ್ಟಿ, ಸತ್ತು, ಮತ್ತೆ ಹುಟ್ಟಲಿದೆ ಎಂಬ ಜಾತಕವನ್ನು ಹೆಸರಿಟ್ಟವರೇ ಒಂದಕ್ಷರದಲ್ಲಿ ಬರೆದಿಟ್ಟು ಹೋಗಿದ್ದರು. ಓದಿ ಹೇಳುವ ಜೋಯಿಸರು ಯಾರೂ ಸಿಕ್ಕಲಿಲ್ಲ, ಅಷ್ಟೆ.

ಪ್ರಾಂತ್ಯ ಅಂದಕೂಡಲೇ ನಮಗೆ ಮದ್ರಾಸ್ ಪ್ರಾಂತ್ಯ, ಮುಂಬಯಿ ಪ್ರಾಂತ್ಯ ನೆನಪಾಗಿ ಬೆನ್ನು ನೆಟ್ಟಗಾಗುತ್ತದೆ. ಇಟಲಿಯ ‘ಪ್ರೊವಿಂಚಿಯ’ ಅಷ್ಟು ದೊಡ್ಡ ಕುಳವಲ್ಲ. ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಮೇಲೆ ರೋಮ್, ಅದರ ಕೆಳಗೆ ರಾಜ್ಯದಂಥ ‘ರೀಜನ್’, ಅದರ ಕೆಳಗೆ ಪ್ರಾಂತ್ಯ, ಕಟ್ಟಕಡೆಗೆ ‘ಕೊಮೂನೆ’ ಎಂಬ ಊರಾಡಳಿತ. ನಡುವೆ ಸಿಕ್ಕಿಕೊಂಡ ಪ್ರಾಂತ್ಯದ ಕೆಲಸ ಏನೆಂದರೆ, ತನ್ನ ಪಾಲಿನ ರಸ್ತೆಗಳ ಗುಂಡಿ ಮುಚ್ಚುವುದು, ಹೈಸ್ಕೂಲು ಕಟ್ಟಡಗಳು ಸೋರದಂತೆ ನೋಡಿಕೊಳ್ಳುವುದು, ಕಾಡು ನೀರಿನ ಮೇಲೆ ಒಂದು ಕಣ್ಣಿಡುವುದು. ಉಳಿದ ಹೊತ್ತಿನಲ್ಲಿ, ತಾನು ಯಾಕಾದರೂ ಇರಬೇಕು ಎಂದು ಮೇಲಿನವರಿಗೂ ಕೆಳಗಿನವರಿಗೂ ವಿವರಿಸುವುದು.

ಓಲ್ಯಾಸ್ತ್ರದ ಭೂಗೋಳ ಮಾತ್ರ ಯಾವ ಸರ್ಕಾರದ ಅಪ್ಪಣೆಗೂ ಕಾಯಲಿಲ್ಲ. ಒಂದು ಬಯಲು ರಂಗಮಂದಿರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಜೆನ್ನಾರ್ಜೆಂತು ಬೆಟ್ಟಸಾಲು. 1834 ಮೀಟರ್ ಎತ್ತರದ ಅದರ ತುದಿಯೇ ಇಡೀ ದ್ವೀಪದ ನೆತ್ತಿ. ಮುಂದೆ ರಂಗಸ್ಥಳದ ಜಾಗದಲ್ಲಿ ತಿರ್ರೇನಿಯನ್ ಸಮುದ್ರ. ಅರ್ಬತಾಕ್ಸ್ ಬಂದರಿನಲ್ಲಿ ಕುಂಕುಮ ಕದಡಿದಂಥ ಕೆಂಪು ಬಂಡೆಗಳು ನೀರಿಗಿಳಿದು ನಿಂತಿವೆ. ಉತ್ತರಕ್ಕೆ ಬೌನೇಯಿ ಊರಿನ ಸುಣ್ಣಕಲ್ಲಿನ ಗೋಡೆಗಳು ನೇರ ಕಡಲಿಗೆ ಬೀಳುತ್ತವೆ. ಅವುಗಳ ಬುಡದಲ್ಲಿರುವ ಕಾಲಾ ಗೊಲೊರಿತ್ಸೆ ಎಂಬ ಪುಟ್ಟ ತೀರವನ್ನು 1995ರಲ್ಲಿ ನೈಸರ್ಗಿಕ ಸ್ಮಾರಕ ಎಂದು ಘೋಷಿಸಿದರು. ಅಲ್ಲಿಗೆ ಕಾರು ಹೋಗುವುದಿಲ್ಲ. ಬೆಟ್ಟ ಇಳಿದು ನಡೆಯಬೇಕು, ಇಲ್ಲವೇ ಸಮುದ್ರದ ಕಡೆಯಿಂದ ಬರಬೇಕು. ಅದು ಇನ್ನೂ ಸ್ಮಾರಕವಾಗಿಯೇ ಉಳಿದಿರುವುದರ ಗುಟ್ಟು ಇದೇ ಇರಬೇಕು.

ಸೀಮೆಗೆ ಹೆಸರು ಬಂದದ್ದು ಕಾಡು ಆಲಿವ್ ಮರದಿಂದ ಎನ್ನುತ್ತಾರೆ. ಸುಮಾರು 1,850 ಚದರ ಕಿಲೋಮೀಟರ್, 23 ಊರುಗಳು, 2005ರ ಹೊತ್ತಿಗೆ ಹತ್ತಿರ ಹತ್ತಿರ 58 ಸಾವಿರ ಜನ. ಅಂದರೆ ನಮ್ಮ ತಿಪಟೂರಿನಂಥ ಒಂದು ಪಟ್ಟಣದವರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಬೆಟ್ಟ ಕಣಿವೆಗಳ ಮೇಲೆ ಚೆಲ್ಲಿದರೆ ಎಷ್ಟೋ ಅಷ್ಟು. ಇಟಲಿಯ ಪ್ರಾಂತ್ಯಗಳಲ್ಲೇ ಅತಿ ಕಡಿಮೆ ಜನ ಇದ್ದದ್ದು ಇಲ್ಲಿ. ಮೇಕೆಗಳಿಗೂ ಮತ ಇದ್ದಿದ್ದರೆ ಮಾನ ಉಳಿಯುತ್ತಿತ್ತು.

ಇಂಥ ಸೀಮೆಯನ್ನು ಪ್ರಾಂತ್ಯ ಮಾಡಬೇಕೆಂಬ ಹುಮ್ಮಸ್ಸು ಬಂದದ್ದು ರೋಮಿಗಲ್ಲ, ಸಾರ್ಡಿನಿಯಾಕ್ಕೇ. 1948ರಿಂದ ಅದು ವಿಶೇಷ ಸ್ಥಾನಮಾನದ ರೀಜನ್. ತನ್ನ ಮನೆಯ ಗೋಡೆಗಳನ್ನು ತಾನೇ ಎಬ್ಬಿಸಿಕೊಳ್ಳುವ, ಬೀಳಿಸಿಕೊಳ್ಳುವ ಸ್ವಾತಂತ್ರ್ಯ ಅದಕ್ಕೆ ಹೆಚ್ಚು. ಅಲ್ಲಿ ಕಾಲ್ಯಾರಿ, ಸಾಸ್ಸಾರಿ, ನುಓರೊ, ಒರಿಸ್ತಾನೊ ಎಂಬ ನಾಲ್ಕು ಪ್ರಾಂತ್ಯಗಳಿದ್ದವು. 2001ರ ಜುಲೈನಲ್ಲಿ ರೀಜನ್ನಿನ ಶಾಸನಸಭೆ ಒಂದು ಕಾನೂನು ಮಾಡಿ ನಾಲ್ಕನ್ನು ಎಂಟು ಮಾಡಿತು. ಹೊಸ ನಾಲ್ಕು ಯಾವುವೆಂದರೆ ಕಾರ್ಬೋನಿಯಾ-ಇಗ್ಲೇಸಿಯಾಸ್, ಮೇದಿಯೊ ಕಾಂಪಿದಾನೊ, ಓಲ್ಬಿಯಾ-ತೆಂಪಿಯೊ ಮತ್ತು ನಮ್ಮ ಓಲ್ಯಾಸ್ತ್ರ. 2005ರ ಮೇ ತಿಂಗಳಲ್ಲಿ ಚುನಾವಣೆ ನಡೆದು ಕುರ್ಚಿಗಳು ಭರ್ತಿಯಾದವು.

ಎಲ್ಲ ಸರಿ, ಕುರ್ಚಿ ಎಲ್ಲಿ ಹಾಕುವುದು?

ಜಿಲ್ಲಾ ಕೇಂದ್ರ ಯಾವುದು ಎಂಬ ಪ್ರಶ್ನೆಗೆ ಮನುಕುಲ ಇದುವರೆಗೆ ಕಂಡುಕೊಂಡ ಉತ್ತರಗಳು ಎರಡು: ಒಂದೋ ದೊಡ್ಡ ಊರಿಗೆ ಕೊಡುವುದು, ಇಲ್ಲವೇ ದೊಡ್ಡ ಮನುಷ್ಯನ ಊರಿಗೆ ಕೊಡುವುದು. ಸಾರ್ಡಿನಿಯಾ ಮೂರನೆಯದೊಂದನ್ನು ಕಂಡುಹಿಡಿಯಿತು. ಇಬ್ಬರಿಗೂ ಕೊಟ್ಟುಬಿಡುವುದು. ಹೊಸ ನಾಲ್ಕೂ ಪ್ರಾಂತ್ಯಗಳಿಗೆ ಎರಡೆರಡು ಕೇಂದ್ರ! ಎರಡರಲ್ಲಂತೂ ಪ್ರಾಂತ್ಯದ ಹೆಸರೇ ಜೋಡಿ ಊರುಗಳ ಮದುವೆಯ ಕರೆಯೋಲೆ. ಮೇದಿಯೊ ಕಾಂಪಿದಾನೊಗೆ ಸಾನ್‌ಲೂರಿ ಮತ್ತು ವಿಲ್ಲಾಚೀದ್ರೊ. ಓಲ್ಯಾಸ್ತ್ರಕ್ಕೆ ತೊರ್ತೊಲಿ ಮತ್ತು ಲನುಸೇಯಿ. ನಾಲ್ಕು ಪ್ರಾಂತ್ಯ, ಎಂಟು ಕೇಂದ್ರ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಎಂಬ ಗಾದೆಯನ್ನು ನಾವು ಮಾತಿಗೆ ಬಳಸುತ್ತೇವೆ. ಅವರು ಅದನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದರು. ಸಾರ್ಡಿನಿಯಾವನ್ನು ಮಾತ್ರ ಆಡಿಕೊಳ್ಳುವುದೂ ತರವಲ್ಲ. ಪುಲಿಯಾ ಸೀಮೆಯಲ್ಲಿ 2004ರಲ್ಲಿ ಮಂಜೂರಾದ ಬಾರ್ಲೆತ್ತಾ-ಆಂದ್ರಿಯಾ-ತ್ರಾನಿ ಪ್ರಾಂತ್ಯಕ್ಕೆ ಮೂರು ಕೇಂದ್ರ. 1861ರಲ್ಲಿ ಇಟಲಿ ಒಂದಾದಾಗ 59 ಇದ್ದ ಪ್ರಾಂತ್ಯಗಳು 2009ರ ಹೊತ್ತಿಗೆ 110 ಆಗಿದ್ದವು. ದೇಶ ಬೆಳೆಯಲಿಲ್ಲ, ಬೋರ್ಡುಗಳು ಬೆಳೆದವು.

ತೊರ್ತೊಲಿ ಕೆಳಗೆ ಕಡಲ ಬಯಲಿನಲ್ಲಿದೆ, ಅರ್ಬತಾಕ್ಸ್ ಬಂದರಿನ ಪಕ್ಕದಲ್ಲಿ. ಹನ್ನೊಂದು ಸಾವಿರದ ಆಸುಪಾಸು ಜನ. ಲನುಸೇಯಿ ಮೇಲೆ ಬೆಟ್ಟದ ಮಗ್ಗುಲಲ್ಲಿದೆ, ಜನ ಅದರ ಅರ್ಧ. ನಡುವೆ ಸುಮಾರು ಇಪ್ಪತ್ತು ಕಿಲೋಮೀಟರಿನ ತಿರುವುಮುರುವಿನ ದಾರಿ. ಇವೆರಡರ ಪೈಪೋಟಿ 2001ರದ್ದಲ್ಲ. 1824ರಲ್ಲಿ ಓಲ್ಯಾಸ್ತ್ರಕ್ಕೆಂದೇ ಒಬ್ಬ ಬಿಷಪ್ಪರನ್ನು ಕೊಟ್ಟಾಗ ಅವರ ಪೀಠ ಇದ್ದದ್ದು ತೊರ್ತೊಲಿಯಲ್ಲಿ. ನೂರು ವರ್ಷ ಸೊಳ್ಳೆ ಹೊಡೆದುಕೊಂಡು ಕೂತ ಪೀಠ 1927ರಲ್ಲಿ ಬೆಟ್ಟ ಹತ್ತಿ ಲನುಸೇಯಿಗೆ ಬಂತು. ಆಗಿನ ಕಾಲದಲ್ಲಿ ಕಡಲತೀರ ಅಂದರೆ ಮಲೇರಿಯಾ. ಬುದ್ಧಿ ಇದ್ದವರು ಬೆಟ್ಟದ ಮೇಲಿರುತ್ತಿದ್ದರು; ಕೆಳಗಿನ ಜವುಗು ನೆಲವನ್ನು ಯಾರು ಕೇಳುತ್ತಿದ್ದರು? 1946ರಿಂದ 1950ರವರೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ದ್ವೀಪದ ಮೂಲೆಮೂಲೆಗೂ ಡಿಡಿಟಿ ಹೊಡೆದರು. ಸೊಳ್ಳೆ ಸತ್ತಿತು, ಪ್ರವಾಸಿ ಬಂದ, ಜವುಗು ನೆಲಕ್ಕೆ ಚದರಡಿ ಲೆಕ್ಕದ ಬೆಲೆ ಬಂತು. ಬೆಟ್ಟದ ಊರು ಕೆಳಗೆ ನೋಡುತ್ತ ನಿಂತಿತು. ಒಂದು ಸೊಳ್ಳೆಯ ಸಾವಿನಿಂದ ಎರಡು ಊರುಗಳ ಅದೃಷ್ಟ ಅದಲುಬದಲಾಯಿತು. ಹೀಗೆ ಮೇಲಿನವರಿಗೆ ಹಳೆಯ ಗೌರವ, ಕೆಳಗಿನವರಿಗೆ ಹೊಸ ದುಡ್ಡು. ಯಾರನ್ನು ಬಿಟ್ಟರೂ ಓಟು ಹೋಗುತ್ತದೆ. ಕೇಂದ್ರ ಎರಡಾದದ್ದು ಹೀಗೆ. ಅರ್ಜಿ ಹಿಡಿದವನು ಮಾತ್ರ ಒಬ್ಬನೇ. ಅವನಿಗೆ ಎರಡು ತಿರುವಿಗೊಮ್ಮೆ ಹೊಟ್ಟೆ ತೊಳಸುವುದು.

ಲನುಸೇಯಿಯವರ ಗತ್ತಿಗೆ ಕಾರಣವಿತ್ತು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ, ಸವೋಯ್ ವಂಶದ ದೊರೆಗಳ ಆಳ್ವಿಕೆಯಲ್ಲಿ, ಅದು ತನ್ನದೇ ಹೆಸರಿನ ಪ್ರಾಂತ್ಯಕ್ಕೆ ಕೇಂದ್ರವಾಗಿತ್ತು. ಅದಕ್ಕೂ ಹಿಂದೆ ಈ ಸೀಮೆಯನ್ನು ಯಾರ್ಯಾರು ಎತ್ತಿಕೊಂಡು ಯಾರ ತೊಡೆಯ ಮೇಲೆ ಕೂರಿಸಿದರು ಎಂಬುದು ಉದ್ದ ಕಥೆ: ಮಧ್ಯಯುಗದಲ್ಲಿ ಕಾಲ್ಯಾರಿಯ ‘ನ್ಯಾಯಾಧೀಶ’ ರಾಜರಿಗೆ, ಆಮೇಲೆ ಗಲ್ಲೂರದವರಿಗೆ, ಆಮೇಲೆ ಅರಗಾನ್ ದೊರೆಗಳಿಗೆ. 1859ರಲ್ಲಿ ರತ್ತಾತ್ಸಿ ಎಂಬ ಮಂತ್ರಿಯ ಕಾನೂನು ಬಂದು ಇಡೀ ದ್ವೀಪಕ್ಕೆ ಕಾಲ್ಯಾರಿ ಮತ್ತು ಸಾಸ್ಸಾರಿ ಎರಡೇ ಪ್ರಾಂತ್ಯ ಸಾಕು ಎಂದಿತು. ಲನುಸೇಯಿ ಕಾಲ್ಯಾರಿಯ ಕೈಕೆಳಗಿನ ಉಪವಿಭಾಗವಾಯಿತು. 1927ರಲ್ಲಿ ಮುಸೊಲಿನಿ ಸರ್ಕಾರ ನುಓರೊ ಪ್ರಾಂತ್ಯ ಸೃಷ್ಟಿಸಿ ಓಲ್ಯಾಸ್ತ್ರವನ್ನು ಅದರ ಮಡಿಲಿಗೆ ಹಾಕಿತು. ಮೊದಲನೆಯ ಜನ್ಮ ಮುಗಿದು ಎರಡನೆಯದು ಬರಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಎರಡನೆಯದು ಮುಗಿಯಲು ಹನ್ನೊಂದು ವರ್ಷ ಸಾಕಾಯಿತು.

ಆ ಸಾವಿನ ಕಥೆ ಹೀಗೆ. 2007ರಲ್ಲಿ ಸೆರ್ಜೊ ರಿತ್ಸೊ ಮತ್ತು ಜಾನ್ ಆಂತೋನಿಯೊ ಸ್ತೆಲ್ಲಾ ಎಂಬ ಇಬ್ಬರು ಪತ್ರಕರ್ತರು ರಾಜಕಾರಣಿಗಳ ಸವಲತ್ತುಗಳ ಮೇಲೆ ‘ಲಾ ಕಾಸ್ತಾ’ ಎಂಬ ಪುಸ್ತಕ ಬರೆದರು. ಕಾಸ್ತಾ ಅಂದರೆ ಜಾತಿ. ಅಲ್ಲಿ ರಾಜಕಾರಣಿಗಳದ್ದೇ ಒಂದು ಜಾತಿ ಎಂಬುದು ಅವರಿಗೆ ಹೊಸ ಸಂಶೋಧನೆ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ದೇಶ ಸಾಲದಲ್ಲಿ ಮುಳುಗುತ್ತಿತ್ತು, ಜನಕ್ಕೆ ಸಿಟ್ಟಿತ್ತು, ಸಿಟ್ಟಿಗೆ ಒಂದು ಗುರಿ ಬೇಕಿತ್ತು. ರೀಜನ್ನಿನ ಮೇಲೆ ಕೈಮಾಡಿದರೆ ಅದು ತಿರುಗಿ ಹೊಡೆಯುತ್ತದೆ, ಕೊಮೂನೆಯ ಮೇಲೆ ಕೈಮಾಡಿದರೆ ಊರೇ ಎದ್ದು ಬರುತ್ತದೆ. ಪ್ರಾಂತ್ಯ ನಡುವಿನ ಕೂಸು, ಕೇಳುವವರಿಲ್ಲ. ಎಲ್ಲ ಪಕ್ಷಗಳೂ ಅದನ್ನೇ ಹಿಡಿದುಕೊಂಡವು.

2012ರ ಮೇ 6ರಂದು ಸಾರ್ಡಿನಿಯಾದಲ್ಲಿ ಒಂದೇ ದಿನ ಹತ್ತು ಪ್ರಶ್ನೆಗಳ ಜನಮತ ನಡೆಯಿತು. ಹೊಸ ನಾಲ್ಕು ಪ್ರಾಂತ್ಯಗಳನ್ನು ರದ್ದು ಮಾಡೋಣವೇ ಎಂಬುದು ಅದರಲ್ಲಿ ಮುಖ್ಯ. ಮೂರರಲ್ಲಿ ಒಬ್ಬ ಮತದಾರ ಬಂದರೆ ಫಲಿತಾಂಶ ಸಿಂಧು. ಮೂರರಲ್ಲಿ ಒಬ್ಬರಿಗಿಂತ ಚೂರು ಹೆಚ್ಚು ಬಂದರು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ರದ್ದು’ ಎಂದು ಒತ್ತಿದರು. ಓಲ್ಯಾಸ್ತ್ರ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಓಲ್ಯಾಸ್ತ್ರದ ಗಡಿಯನ್ನೇ ದಾಟದ ಕಾಲ್ಯಾರಿಯ ಮತದಾರನಿಗೂ ಇತ್ತು. ಹಳೆಯ ನಾಲ್ಕು ಪ್ರಾಂತ್ಯಗಳ ಬಗೆಗೂ ಒಂದು ಪ್ರಶ್ನೆ ಇತ್ತು, ಆದರೆ ಅದು ಬರೀ ಸಲಹೆ ಕೇಳುವ ಪ್ರಶ್ನೆ. ಕಾಲ್ಯಾರಿ, ಸಾಸ್ಸಾರಿ, ನುಓರೊ ಹೆಸರುಗಳು ವಿಶೇಷ ಸ್ಥಾನಮಾನದ ಶಾಸನದಲ್ಲೇ ಬರೆದಿವೆ. ಹಿರಿಯರನ್ನು ‘ಏನಂತೀರಿ’ ಎಂದು ಕೇಳಿದರು, ಕಿರಿಯರನ್ನು ನೇರ ಗಲ್ಲಿಗೆ ಕಳಿಸಿದರು. ಜಗತ್ತಿನ ಎಲ್ಲ ಮನೆಗಳ ನ್ಯಾಯ.

ಸತ್ತಿತಲ್ಲ, ಇನ್ನು ಮಣ್ಣು ಮಾಡಬೇಕು. ಇಲ್ಲಿ ಆಡಳಿತಶಾಸ್ತ್ರದ ಒಂದು ಗಹನವಾದ ಸತ್ಯ ಬೆಳಕಿಗೆ ಬಂತು: ಪ್ರಾಂತ್ಯವನ್ನು ಕೊಲ್ಲಬಹುದು, ಅದರ ಆಫೀಸನ್ನು ಕೊಲ್ಲಲಾಗುವುದಿಲ್ಲ. ರಸ್ತೆ ಇದ್ದೇ ಇದೆ, ಗುಂಡಿ ಇದ್ದೇ ಇದೆ. ಹೈಸ್ಕೂಲು ಇದೆ, ಅದರ ಸೂರು ಇದೆ, ಸೋರುವುದೂ ಇದೆ. ನೌಕರರಿಗೆ ಹೆಂಡಿರು ಮಕ್ಕಳು, ಒಂದನೇ ತಾರೀಕು ಎಲ್ಲ ಇವೆ. ಚುನಾಯಿತರು ಮನೆಗೆ ಹೋದರು. 2013ರಲ್ಲಿ ಅವರ ಜಾಗಕ್ಕೆ ಆಡಳಿತಾಧಿಕಾರಿಗಳು ಬಂದರು. ಇಟಾಲಿಯನ್‌ನಲ್ಲಿ ಇವರ ಪದನಾಮಕ್ಕೆ ‘ಅಸಾಧಾರಣ’ ಎಂಬ ವಿಶೇಷಣ ಹಚ್ಚುತ್ತಾರೆ, ತುರ್ತಿಗೆ ಬಂದವರು, ಬೇಗ ಹೋಗುವವರು ಎಂಬ ಅರ್ಥದಲ್ಲಿ. ಮುಂದೆ ಇಡೀ ಸಾರ್ಡಿನಿಯಾದ ಪ್ರಾಂತ್ಯಗಳು ಸುಮಾರು ಒಂದು ದಶಕ ಇಂಥ ಅಸಾಧಾರಣರ ಕೈಯಲ್ಲೇ ಇದ್ದವು. ಹತ್ತು ವರ್ಷ ಕೂತ ಮೇಲೂ ಅಸಾಧಾರಣ ಅನ್ನಿಸಿಕೊಳ್ಳಬೇಕಾದರೆ ಕುರ್ಚಿ ಎಷ್ಟು ಸಾಧಾರಣವಾಗಿ ಸುಖವಾಗಿರಬೇಕು!

2016ರ ಫೆಬ್ರವರಿಯಲ್ಲಿ ಕೊನೆಗೂ ತಿಥಿಯೂಟದ ಕಾನೂನು ಬಂತು. ಓಲ್ಯಾಸ್ತ್ರ ಮರಳಿ ನುಓರೊದ ಮಡಿಲಿಗೆ. ಕಾರ್ಬೋನಿಯಾ-ಇಗ್ಲೇಸಿಯಾಸ್ ಮತ್ತು ಮೇದಿಯೊ ಕಾಂಪಿದಾನೊಗಳನ್ನು ಕಾಲ್ಯಾರಿಯ ಅಳಿದುಳಿದ ಊರುಗಳ ಜೊತೆ ಕಲಸಿ ‘ದಕ್ಷಿಣ ಸಾರ್ಡಿನಿಯಾ’ ಎಂಬ ಹೊಸ ಪ್ರಾಂತ್ಯ ಕಟ್ಟಿದರು. ಪ್ರಾಂತ್ಯಗಳನ್ನು ರದ್ದು ಮಾಡುವ ಭರದಲ್ಲಿ ಒಂದು ಹೊಸ ಪ್ರಾಂತ್ಯವನ್ನೇ ಹಡೆದ ಇಂಥ ಬಾಣಂತನ ನಾನು ಬೇರೆಲ್ಲೂ ಕೇಳಿಲ್ಲ. ಓಲ್ಯಾಸ್ತ್ರದ 23ರಲ್ಲಿ ಸೆಯುಯಿ ಎಂಬ ಬೆಟ್ಟದೂರು ಮಾತ್ರ ನುಓರೊಗೆ ಹೋಗದೆ ಆ ದಕ್ಷಿಣದ ಬಸ್ಸು ಹತ್ತಿತು. ಅದೇ ವರ್ಷ ಡಿಸೆಂಬರಿನಲ್ಲಿ ಪ್ರಧಾನಿ ರೆಂತ್ಸಿ, ಪ್ರಾಂತ್ಯ ಎಂಬ ಪದವನ್ನೇ ಸಂವಿಧಾನದಿಂದ ಅಳಿಸುವ ಅಂಶವೂ ಸೇರಿದ್ದ ತಿದ್ದುಪಡಿಯನ್ನು ದೇಶದ ಮುಂದಿಟ್ಟರು. ನೂರಕ್ಕೆ 59 ಮಂದಿ ಬೇಡ ಅಂದರು. ಪದ ಉಳಿಯಿತು, ರೆಂತ್ಸಿ ರಾಜೀನಾಮೆ ಕೊಟ್ಟರು.

ಈ ನಡುವೆ ಒಂದು ತಮಾಷೆ ನಡೆಯಿತು. ಓಲ್ಯಾಸ್ತ್ರದ ಮನೆಗಳಲ್ಲಿ ಕುಲುರ್ಜೋನಿಸ್ ಎಂಬ ಕಡುಬು ಮಾಡುತ್ತಾರೆ. ಗೋಧಿಹಿಟ್ಟಿನ ತೆಳು ಹಾಳೆಯೊಳಗೆ ಬೇಯಿಸಿ ನುರಿದ ಆಲೂಗಡ್ಡೆ, ಕುರಿಹಾಲಿನ ಗಿಣ್ಣು, ಪುದೀನದ ಹೂರಣ. ಅದರ ಸೊಗಸಿರುವುದು ಬಾಯಿ ಮುಚ್ಚುವುದರಲ್ಲಿ. ಎಡಗೈಯಲ್ಲಿ ಕಡುಬು ಹಿಡಿದು ಬಲಗೈ ಹೆಬ್ಬೆರಳು ತೋರುಬೆರಳಿನಲ್ಲಿ ಒಮ್ಮೆ ಈ ಕಡೆಯ ಅಂಚು, ಒಮ್ಮೆ ಆ ಕಡೆಯ ಅಂಚು ಚಿವುಟಿ ಒಳಕ್ಕೆ ಮಡಿಸುತ್ತ ಹೋದರೆ ಕೊನೆಗೆ ಗೋಧಿ ತೆನೆಯ ಜಡೆ ಮೂಡುತ್ತದೆ. ನಮ್ಮ ಕರ್ಜಿಕಾಯಿಯ ಅಂಚು ಮಡಿಸುವವರು ನೋಡಿದರೆ ತಕ್ಷಣ ಸ್ಟೂಲು ಎಳೆದುಕೊಂಡು ಕೂತುಬಿಟ್ಟಾರು. ಸಾರ್ಡಿನಿಯಾ ಓಲ್ಯಾಸ್ತ್ರ ಎಂಬ ಹೆಸರನ್ನು ಪ್ರಾಂತ್ಯಗಳ ಪಟ್ಟಿಯಿಂದ ಹೊಡೆದುಹಾಕಿದ ಅದೇ ಹೊತ್ತಿಗೆ, ಐರೋಪ್ಯ ಒಕ್ಕೂಟ ‘ಓಲ್ಯಾಸ್ತ್ರದ ಕುಲುರ್ಜೋನಿಸ್’ ಎಂದು ಭೌಗೋಳಿಕ ಗುರುತಿನ ಮುದ್ರೆ ಒತ್ತಿತು. ಸಾರ್ಡಿನಿಯಾದ ಪ್ರಕಾರ ಓಲ್ಯಾಸ್ತ್ರ ಇಲ್ಲ, ಬ್ರಸೆಲ್ಸಿನ ಪ್ರಕಾರ ಇದೆ. ಇಬ್ಬರಲ್ಲಿ ಯಾರನ್ನು ನಂಬುವುದು ಎಂದರೆ ನಾನು ಕಡುಬಿನ ಕಡೆ.

ಈಗ ವಿಲ್ಲಾಗ್ರಾಂದೆ ಸ್ತ್ರಿಸಾಯಿಲಿ ಎಂಬ ಊರಿನ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳೋಣ. ಊರನ್ನು ಸುಮ್ಮನೆ ಆರಿಸಿಲ್ಲ. ನೂರು ದಾಟಿದವರಿಗೆ ಅದು ಹೆಸರಾದ ಜಾಗ. ಅಜ್ಜಿ ಹುಟ್ಟಿದ್ದು 1925ರಲ್ಲಿ ಅಂದುಕೊಳ್ಳಿ. ಹುಟ್ಟಿದಾಗ ಕಾಲ್ಯಾರಿ ಪ್ರಾಂತ್ಯದವಳು. ಎರಡು ತುಂಬುವಷ್ಟರಲ್ಲಿ ನುಓರೊದವಳು. ಎಂಬತ್ತಕ್ಕೆ ಓಲ್ಯಾಸ್ತ್ರದವಳು. ತೊಂಬತ್ತೊಂದಕ್ಕೆ ಮತ್ತೆ ನುಓರೊ. ನೂರಕ್ಕೆ ಮತ್ತೆ ಓಲ್ಯಾಸ್ತ್ರ. ಐದು ವಿಳಾಸ, ಒಂದೇ ಹೊಸ್ತಿಲು. ಇಟಲಿಯ ಅರ್ಜಿಗಳಲ್ಲಿ ಹುಟ್ಟಿದ ಊರಿನ ಪಕ್ಕ ಪ್ರಾಂತ್ಯದ ಎರಡಕ್ಷರ ತುಂಬಲು ಒಂದು ಪುಟ್ಟ ಜಾಗ ಬಿಟ್ಟಿರುತ್ತಾರೆ.

“ಅಜ್ಜಿ, ನಿಮ್ಮ ಪ್ರಾಂತ್ಯ ಯಾವುದು?”

“ಇವತ್ತಿನದೋ, ನಿನ್ನೆಯದೋ?”

“ಈಗಿನದು ಹೇಳಿ ಅಜ್ಜಿ.”

“ನೀನೇ ಬರಕೊಳ್ಳಪ್ಪ. ನಾನೇನು ಎದ್ದು ಹೋದವಳಲ್ಲ, ಹೋದದ್ದು ಬಂದದ್ದೆಲ್ಲ ನಿಮ್ಮದೇ.”

ಹೌದು, ನೂರಕ್ಕೆ ಮತ್ತೆ ಓಲ್ಯಾಸ್ತ್ರ. 2021ರ ಏಪ್ರಿಲಿನಲ್ಲಿ ಸಾರ್ಡಿನಿಯಾದ ಶಾಸನಸಭೆ ಸತ್ತವರನ್ನೆಲ್ಲ ಸಾಲಾಗಿ ಎಬ್ಬಿಸಿತು. ಓಲ್ಯಾಸ್ತ್ರಕ್ಕೂ ಮೇದಿಯೊ ಕಾಂಪಿದಾನೊಗೂ ಹಳೆಯ ಹೆಸರೇ. ಕಾರ್ಬೋನಿಯಾ-ಇಗ್ಲೇಸಿಯಾಸ್ ‘ಸುಲ್ಚಿಸ್ ಇಗ್ಲೇಸಿಯೆಂತೆ’ ಆಗಿ, ಓಲ್ಬಿಯಾ-ತೆಂಪಿಯೊ ‘ಈಶಾನ್ಯ ಸಾರ್ಡಿನಿಯಾ’ ಆಗಿ ಎದ್ದು ಕೂತವು. ರಿಯಲ್ ಎಸ್ಟೇಟಿನಲ್ಲಿ ಕೇಸು ಬಿದ್ದ ಲೇಔಟಿಗೆ ಹೊಸ ಹೆಸರಿಡುವುದನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಐದು ವರ್ಷದ ಹಿಂದೆ ಹಡೆದಿದ್ದ ದಕ್ಷಿಣ ಸಾರ್ಡಿನಿಯಾವನ್ನು ಈ ಸಲ ರದ್ದುಮಾಡಿದರು. ಬಲಿ ಕೊಡಲು ಏನಾದರೊಂದು ಬೇಕಲ್ಲ. ರೋಮ್ ಸರ್ಕಾರ ತಕರಾರು ಹಿಡಿದು ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು; 2022ರಲ್ಲಿ ನ್ಯಾಯಾಲಯ ತಕರಾರನ್ನು ತಳ್ಳಿಹಾಕಿತು. 2025ರಲ್ಲಿ ಹೊಸ ಪ್ರಾಂತ್ಯಗಳು ನಿಜಕ್ಕೂ ಕಣ್ಣುಬಿಟ್ಟವು, ಸೆಪ್ಟೆಂಬರಿನಲ್ಲಿ ಚುನಾವಣೆಯೂ ಆಯಿತು.

ಚುನಾವಣೆ ಅಂದೆ, ಆದರೆ ಓಲ್ಯಾಸ್ತ್ರದ ಜನ ಮತ ಹಾಕಲಿಲ್ಲ. 2014ರ ದೆಲ್ರಿಯೊ ಕಾನೂನು ಬಂದಮೇಲೆ ಇಟಲಿಯ ಪ್ರಾಂತ್ಯಗಳ ಕುರ್ಚಿಗಳಿಗೆ ಕೊಮೂನೆಗಳ ಮೇಯರುಗಳೂ ಕೌನ್ಸಿಲರುಗಳೂ ತಮ್ಮೊಳಗೇ ಆರಿಸಿಕೊಳ್ಳುತ್ತಾರೆ, ಅವರವರ ನೆಂಟಸ್ತನದ ವಿಷಯ. ಸಾರ್ಡಿನಿಯಾದಲ್ಲೂ ಹಾಗೆಯೇ ಆಯಿತು. ಕೊಲ್ಲುವಾಗ ಇಡೀ ದ್ವೀಪವನ್ನು ಮತಗಟ್ಟೆಗೆ ಕರೆದರು, ಬದುಕಿಸುವಾಗ ಪಕ್ಕದ ಮನೆಯವರನ್ನೂ ಕೂಗಲಿಲ್ಲ. ಪ್ರಜಾಪ್ರಭುತ್ವ ಅಂದರೆ ಪಾಪದ ಕೆಲಸಕ್ಕೆ ಸಹಿ ಜನರದ್ದು, ಪುಣ್ಯದ ಕೆಲಸಕ್ಕೆ ಫೋಟೊ ನಾಯಕರದ್ದು.

ಇಷ್ಟೆಲ್ಲ ಗೆರೆ ಎಳೆದು ಅಳಿಸುವ ಆಟ ಯಾಕೆ? ಗೆರೆ ಎಳೆಯುವುದು ರಸ್ತೆ ಎಳೆಯುವುದಕ್ಕಿಂತ ಅಗ್ಗ. ಕಾಲ್ಯಾರಿಯಿಂದ ತೊರ್ತೊಲಿಗೆ ಹೋಗುವ 125ನೇ ನಂಬರಿನ ಹೆದ್ದಾರಿಯ ಹೊಸ ದಾರಿಯನ್ನು ತುಂಡುತುಂಡಾಗಿ ದಶಕಗಟ್ಟಲೆ ಕಟ್ಟುತ್ತಾ ಬಂದಿದ್ದಾರೆ. ಮಾಂದಾಸಿನಿಂದ ಅರ್ಬತಾಕ್ಸಿಗೆ 159 ಕಿಲೋಮೀಟರಿನ ಕಿರು ಹಳಿಯ ರೈಲು ಇದೆ, ಹತ್ತೊಂಬತ್ತನೇ ಶತಮಾನದ ಕೊನೆಗೆ ಹಾಕಿದ್ದು. ಬೆಟ್ಟವನ್ನು ಮುದ್ದಿಸುತ್ತ ಸುತ್ತುವ ಆ ಗಾಡಿ ಈಗ ಬೇಸಿಗೆಯ ಪ್ರವಾಸಿಗರಿಗೆ ಮಾತ್ರ. ಊರಿನವನಿಗೆ ಆಸ್ಪತ್ರೆಗೆ ಹೋಗಬೇಕಾದರೆ ಬೇರೆ ದಾರಿ ನೋಡಿಕೊಳ್ಳಬೇಕು. ಅರ್ಬತಾಕ್ಸಿನಲ್ಲಿ ಪತ್ರಿಕೆಗಳಿಗೆ ಕಾಗದ ಮಾಡುವ ದೊಡ್ಡ ಕಾರ್ಖಾನೆಯೂ ಒಂದು ಕಾಲಕ್ಕೆ ಇತ್ತು, ಮುಚ್ಚಿಹೋಯಿತು. ಕಾರ್ಖಾನೆ ಮುಚ್ಚಿದರೂ ಕಡತಗಳಿಗೆ ಕಾಗದದ ಬರ ಬಂದಂತೆ ಕಾಣಲಿಲ್ಲ.

ನಿಜವಾದ ಗಡಿ ಬದಲಾವಣೆಯನ್ನೂ ಓಲ್ಯಾಸ್ತ್ರ ಕಂಡಿದೆ. 1951ರ ಅಕ್ಟೋಬರಿನಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಗಾಯಿರೊ, ಒಸೀನಿ ಎಂಬ ಊರುಗಳ ಕಾಲಡಿಯ ಮಣ್ಣೇ ಜಾರತೊಡಗಿತು. ಗಾಯಿರೊದ ಜನ ಮನೆ ಬಿಟ್ಟು ಎದ್ದರು. ಮೇಲಿನ ಇಳಿಜಾರಿಗೆ ಕೆಲವರು, ತಾಕ್ವಿಸಾರ ಎಂಬಲ್ಲಿಗೆ ಕೆಲವರು, ಕಡಲ ಕಡೆಯ ಕಾರ್ದೆದುವಿಗೆ ಕೆಲವರು. ಒಂದು ಊರು ಮೂರಾಯಿತು. ಹಳೆಯ ಗಾಯಿರೊ ಇವತ್ತಿಗೂ ಹಾಗೇ ನಿಂತಿದೆ: ಸೂರಿಲ್ಲದ ಮನೆಗಳು, ಒಳಗೋಡೆಯ ಮೇಲೆ ಉಳಿದ ನೀಲಿ ಬಣ್ಣ, ಮೇಲಕ್ಕೆ ಹೋಗಿ ಎಲ್ಲಿಗೂ ತಲುಪದ ಮೆಟ್ಟಿಲು. ಮಳೆ ಗೆರೆ ಎಳೆದರೆ ಹೀಗಿರುತ್ತದೆ. ಮಳೆಗೆ ಜನಮತ ಬೇಕಿರಲಿಲ್ಲ, ಯಾವ ನ್ಯಾಯಾಲಯವೂ ಅದನ್ನು ರದ್ದು ಮಾಡಲಿಲ್ಲ.

ನೀಲಿ ಅಂದೆನಲ್ಲ. ಈ ಸೀಮೆಯ ಮೇಲೆ ಇನ್ನೂ ಎರಡು ನೀಲಿ ಗೆರೆ ಬಿದ್ದಿವೆ, ಎರಡೂ ಸರ್ಕಾರದ್ದಲ್ಲ. ಜಾನ್ನಿ ಪೆಸ್ ಎಂಬ ಸಾರ್ಡಿನಿಯಾದ ವೈದ್ಯರೂ ಮಿಶೆಲ್ ಪೂಲೆಂ ಎಂಬ ಬೆಲ್ಜಿಯಂನ ಜನಸಂಖ್ಯಾ ತಜ್ಞರೂ ದ್ವೀಪದಲ್ಲಿ ನೂರು ದಾಟಿದವರು ಎಲ್ಲೆಲ್ಲಿದ್ದಾರೆ ಎಂದು ಊರೂರು ಲೆಕ್ಕ ಹಾಕಿ, ಜಾಸ್ತಿ ಸಿಕ್ಕ ಕಡೆ ನಕ್ಷೆಯ ಮೇಲೆ ನೀಲಿ ಶಾಯಿಯಿಂದ ಗುರುತು ಹಾಕಿದರು. ಗುರುತುಗಳು ದಟ್ಟವಾಗಿ ಬಿದ್ದದ್ದು ಓಲ್ಯಾಸ್ತ್ರ ಮತ್ತು ಅದರ ಬೆನ್ನಿಗಿರುವ ಬೆಟ್ಟಸೀಮೆಯ ಮೇಲೆ. ‘ಬ್ಲೂ ಜೋನ್’ ಎಂಬ ಹೆಸರು ಜಗತ್ತಿಗೆ ಬಂದದ್ದು ಆ ಶಾಯಿಯಿಂದ. ಈಚೆಗೆ ಇಂಥ ವಯಸ್ಸಿನ ದಾಖಲೆಗಳನ್ನೇ ಅನುಮಾನಿಸುವವರೂ ಎದ್ದಿದ್ದಾರೆ. ಇರಲಿ, ಅನುಮಾನ ಆರೋಗ್ಯಕ್ಕೆ ಒಳ್ಳೆಯದು. ನನಗೆ ಮೆಚ್ಚುಗೆಯಾದದ್ದು ಅವರ ಕ್ರಮ. ಮೊದಲು ಜನರನ್ನು ಎಣಿಸಿದರು, ಆಮೇಲೆ ಗೆರೆ ಎಳೆದರು. ಶಾಸನಸಭೆಯವರು ಮೊದಲು ಗೆರೆ ಎಳೆದು ಆಮೇಲೆ ಜನರನ್ನು ಹುಡುಕಿದರು. 2012ರಲ್ಲಿ ಪೆರ್ದಾಸ್ದೆಫೋಗು ಎಂಬ ಊರಿನ ಒಂಬತ್ತು ಮಂದಿ ಒಡಹುಟ್ಟಿದವರ ವಯಸ್ಸು ಕೂಡಿಸಿ 818 ವರ್ಷ ಎಂದು ಗಿನ್ನೆಸ್ ದಾಖಲೆ ಬರೆಯಿತು. ಅದೇ ವರ್ಷ, ಅದೇ ನೆಲದಲ್ಲಿ, ಅವರ ಪ್ರಾಂತ್ಯಕ್ಕೆ ಏಳು ತುಂಬುವಾಗಲೇ ಮರಣಶಾಸನ ಬರೆದಿತ್ತು.

ಎರಡನೆಯ ನೀಲಿ ಗೆರೆ ಉಲಾಸ್ಸಾಯ್ ಎಂಬ ಊರಿನದು. ಮಾರಿಯಾ ಲಾಯ್ ಅಲ್ಲಿ ಹುಟ್ಟಿದ ಕಲಾವಿದೆ. ಊರಾಡಳಿತದವರು ಯುದ್ಧದಲ್ಲಿ ಸತ್ತವರಿಗೆ ಒಂದು ಸ್ಮಾರಕ ಮಾಡಿಕೊಡಿ ಎಂದು ಕೇಳಿದರು. ಆಕೆ, ಸತ್ತವರಿಗೆ ಬೇಡ, ಬದುಕಿರುವವರಿಗೆ ಏನಾದರೂ ಮಾಡುತ್ತೇನೆ ಎಂದರು. 1981ರ ಸೆಪ್ಟೆಂಬರಿನಲ್ಲಿ ನೀಲಿ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಸುಮಾರು 27 ಕಿಲೋಮೀಟರ್ ಉದ್ದದ ರಿಬ್ಬನ್ ಮಾಡಿದರು. ಹೆಂಗಸರು, ಮಕ್ಕಳು, ಕುರಿಗಾಹಿಗಳು ಅದನ್ನು ಬಾಗಿಲಿಂದ ಬಾಗಿಲಿಗೆ, ಕಿಟಕಿಯಿಂದ ಬಾಲ್ಕನಿಗೆ ಕಟ್ಟುತ್ತ ಹೋಗಿ, ಕೊನೆಗೆ ಊರ ಮೇಲಿನ ಬೆಟ್ಟಕ್ಕೆ ಕಟ್ಟಿದರು.

ಕಟ್ಟುವ ಮೊದಲು ಒಂದು ತೊಡಕು ಬಂತು. ‘ಆ ಮನೆಯವರ ಜೊತೆ ನಮಗೆ ಮಾತಿಲ್ಲ, ನಮ್ಮ ಬಾಗಿಲಿಗೆ ಅವರ ಬಾಗಿಲು ಕಟ್ಟುವುದು ಬೇಡ’ ಎಂದು ಊರು ಮುನಿಸಿಕೊಂಡಿತು. ಆಗ ಒಂದು ಒಪ್ಪಂದವಾಯಿತು. ಮನಸ್ತಾಪ ಇರುವ ಮನೆಗಳ ನಡುವೆ ರಿಬ್ಬನ್ ನೆಟ್ಟಗೆ, ಗಂಟಿಲ್ಲದೆ ಹಾದುಹೋಗಬೇಕು. ಸ್ನೇಹ ಇರುವಲ್ಲಿ ಒಂದು ಗಂಟು. ಪ್ರೀತಿ ಇರುವಲ್ಲಿ ಗಂಟಿನ ಜೊತೆ ಹಬ್ಬದ ರೊಟ್ಟಿ ಕಟ್ಟಬೇಕು. ಊರು ತಲೆಯೆತ್ತಿ ನೋಡಿದರೆ ಸಾಕು, ಯಾರಿಗೆ ಯಾರಾಗುತ್ತದೆ, ಯಾರಿಗೆ ಯಾರಾಗುವುದಿಲ್ಲ ಎಂಬ ನಕ್ಷೆ ನೀಲಿಯಲ್ಲಿ ತೂಗುತ್ತಿತ್ತು. ಜಗಳವನ್ನು ಮುಚ್ಚಿಡಲಿಲ್ಲ, ಜಗಳ ಇದೆಯೆಂದು ದಾರವನ್ನು ಕತ್ತರಿಸಲೂ ಇಲ್ಲ.

ಎರಡು ಶತಮಾನಗಳಲ್ಲಿ ಈ ಸೀಮೆಗೆ ಸಿಕ್ಕ ಆಡಳಿತ ಸುಧಾರಣೆಗಳಲ್ಲಿ ಮುಚ್ಚುಮರೆಯಿಲ್ಲದ್ದು ಇದೊಂದೇ ಎಂದು ನನ್ನ ನಮ್ರ ಅಭಿಪ್ರಾಯ. ಹೊಸ ಪ್ರಾಂತ್ಯದ ಮೊದಲ ಕಡತಕ್ಕೆ ಒಂದು ಸಲಹೆಯನ್ನೂ ಲಗತ್ತಿಸುತ್ತೇನೆ. ಆ ರಿಬ್ಬನ್ನಿನಷ್ಟೇ ಉದ್ದದ ಇನ್ನೊಂದನ್ನು ತರಿಸಿ ತೊರ್ತೊಲಿಯಿಂದ ಲನುಸೇಯಿಗೆ ಎಳೆಯಿರಿ. ದಾರಿ ಸುಮಾರು ಇಪ್ಪತ್ತು ಕಿಲೋಮೀಟರು. ಎರಡು ಕೇಂದ್ರಗಳ ನಡುವೆ ನೆಟ್ಟಗೆ ಎಳೆದು ಮುಗಿಸಿದ ಮೇಲೂ ಏಳು ಕಿಲೋಮೀಟರ್ ರಿಬ್ಬನ್ ಕೈಯಲ್ಲಿ ಉಳಿಯುತ್ತದೆ. ಗಂಟು ಹಾಕುವ ಮನಸ್ಸಿದ್ದರೆ ಅಷ್ಟು ಸಾಕು.